ಗುರುತಿಲ್ಲದವರ ಋಣ

ಚಲನಚಿತ್ರ ಮಾಡುವವರಿಗೆ ರೈಲು ನಿಲ್ದಾಣದ ಮೇಲೆ ಮೊದಲಿನಿಂದಲೂ ಒಂದು ಮೋಹ. ಅದಕ್ಕೆ ಕಾರಣ ಹುಡುಕಲು ದೂರ ಹೋಗಬೇಕಾಗಿಲ್ಲ. ಊರಿನ ಮಿಕ್ಕೆಲ್ಲ ಜಾಗಗಳಲ್ಲಿ ಮನುಷ್ಯನಿಗೆ ಒಂದು ಪಾತ್ರವಿರುತ್ತದೆ. ಮನೆಯಲ್ಲಿ ತಂದೆ, ಕಚೇರಿಯಲ್ಲಿ ಗುಮಾಸ್ತ, ಅಂಗಡಿಯಲ್ಲಿ ಗಿರಾಕಿ. ನಿಲ್ದಾಣದಲ್ಲಿ ಮಾತ್ರ ಅವನು ಇದಾವುದೂ ಅಲ್ಲ, ಬರೀ ಹೋಗುವವನು. ಇಂಥ ಇಬ್ಬರನ್ನು ಒಂದೇ ಬೆಂಚಿನ ಮೇಲೆ ಕೂರಿಸಿದರೆ ಕತೆ ತಾನಾಗಿ ಹುಟ್ಟಿಕೊಳ್ಳುತ್ತದೆ.

ಡೇವಿಡ್ ಲೀನರ 'ಬ್ರೀಫ್ ಎನ್‌ಕೌಂಟರ್' 1945ರ ಚಿತ್ರ. ನಿಲ್ದಾಣವೊಂದರಲ್ಲಿ ಗೃಹಿಣಿಯೊಬ್ಬಳ ಕಣ್ಣಿಗೆ ಕಸ ಬೀಳುತ್ತದೆ. ಚಹಾ ಕುಡಿಯಲು ಬಂದಿದ್ದ ವೈದ್ಯನೊಬ್ಬ ಅದನ್ನು ತೆಗೆಯುತ್ತಾನೆ. ಅಷ್ಟರಿಂದಲೇ ಎರಡು ಸಂಸಾರಗಳು ಅಲುಗಾಡುತ್ತವೆ. ನಮ್ಮ ಮುಂಬಯಿಯದೇ ಉದಾಹರಣೆ ಬೇಕೆಂದರೆ 1974ರಲ್ಲಿ ಅವತಾರ ಕೃಷ್ಣ ಕೌಲರು ನಿರ್ದೇಶಿಸಿದ '27 ಡೌನ್' ಇದೆ. ಎಂಜಿನ್ ಡ್ರೈವರನ ಮಗ ತನ್ನ ಚಿತ್ರಕಲೆಯ ಆಸೆ ಬಿಟ್ಟು ಟಿಕೇಟು ತಪಾಸಣೆಯವನಾಗುತ್ತಾನೆ. ಜೀವವಿಮೆಯ ಕಚೇರಿಯಲ್ಲಿ ದುಡಿಯುವ ಹುಡುಗಿಯೊಬ್ಬಳ ಪರಿಚಯ ಅವನಿಗೆ ಆಗುವುದು ರೈಲಿನಲ್ಲಿ. ಕಪ್ಪು ಬಿಳುಪಿನ ಆ ಚಿತ್ರದಲ್ಲಿ ಆಗಿನ ವೀ.ಟಿ. ನಿಲ್ದಾಣದ ಜನಪ್ರವಾಹವನ್ನು ಕಂಡವರು ಅದನ್ನು ಬೇಗ ಮರೆಯಲಾರರು.

ಈ ಚಿತ್ರಗಳು ನೋಡುವವನಿಗೆ ಒಂದು ಸಮಾಧಾನವನ್ನು ಹೇಳುತ್ತವೆ: ಇಷ್ಟು ಮಂದಿಯ ನಡುವೆಯೂ ಯಾರೋ ಒಬ್ಬರು ನಿನ್ನನ್ನು ಗುರುತಿಸಿಯಾರು. ಆದರೆ ಪರದೆಯ ಮೇಲೆ ಆ ಇಬ್ಬರ ಹಿಂದೆ ನಡೆದು ಹೋಗುವ ಸಾವಿರಾರು ಮಂದಿ ಯಾರು? ಅವರಿಗೆ ಹೆಸರಿಲ್ಲ, ಮಾತಿಲ್ಲ. ಅವರು ಹಿನ್ನೆಲೆ. ನಿತ್ಯವೂ ಡಬ್ಬಿ ಹಿಡಿದು ಲೋಕಲ್ ಗಾಡಿ ಹತ್ತುವ ಮುಂಬಯಿಗರಾದ ನಾವು ಬಹುಪಾಲು ದಿನ ಆ ಹಿನ್ನೆಲೆಗೇ ಸೇರಿದವರು. ಆದುದರಿಂದ ನಾವು ಕೇಳಬೇಕಾದ ಪ್ರಶ್ನೆಯೂ ಸ್ವಲ್ಪ ಬೇರೆ. ಭೇಟಿಯಾದ ಇಬ್ಬರು ಪರಸ್ಪರರಿಗೆ ಏನು ಸಲ್ಲಿಸಬೇಕು ಎಂಬುದನ್ನು ಕತೆಗಾರರು ನೋಡಿಕೊಳ್ಳಲಿ. ಭೇಟಿಯಾಗದೆಯೇ ಹಾದುಹೋಗುವವರಿಗೆ, ಎಂದೆಂದಿಗೂ ಮುಖ ಕಾಣದವರಿಗೆ, ನಾವು ಏನಾದರೂ ಸಲ್ಲಿಸಬೇಕಾದುದು ಉಂಟೆ?

ಈ ಪ್ರಶ್ನೆಯನ್ನು ಪರೇಲಿನಲ್ಲಿ ನಿಂತು ಕೇಳಿದರೆ ಅದು ಬರೀ ತರ್ಕದ ಮಾತಾಗಿ ಉಳಿಯುವುದಿಲ್ಲ. ಇಲ್ಲಿ ಎರಡು ರೈಲು ದಾರಿಗಳು ಮಗ್ಗುಲಲ್ಲಿ ಮಗ್ಗುಲಿಟ್ಟು ಓಡುತ್ತವೆ. ಮಧ್ಯ ರೈಲ್ವೆಯ ನಿಲ್ದಾಣ ಪರೇಲ್. ಪಶ್ಚಿಮ ರೈಲ್ವೆಯದು ಹಿಂದೆ ಎಲ್ಫಿನ್‌ಸ್ಟನ್ ರೋಡ್ ಎನಿಸಿಕೊಂಡು, 2018ರ ಜುಲೈಯಿಂದ ಪ್ರಭಾದೇವಿ ಆಗಿದೆ. ಒಂದರಿಂದ ಇನ್ನೊಂದಕ್ಕೆ ಹೋಗುವವರು ಸೇತುವೆ ಹತ್ತಿ ಇಳಿಯಬೇಕು. ಕೆ.ಇ.ಎಂ. ಆಸ್ಪತ್ರೆ, ಟಾಟಾ ಸ್ಮಾರಕ ಆಸ್ಪತ್ರೆ, ಮಕ್ಕಳ ವಾಡಿಯಾ ಆಸ್ಪತ್ರೆ ಎಲ್ಲವೂ ಈ ಆಸುಪಾಸಿನವೇ. ಹೀಗಾಗಿ ಇಲ್ಲಿನ ಜನಸಂದಣಿಯಲ್ಲಿ ಕೆಲಸಕ್ಕೆ ಧಾವಿಸುವವನ ಪಕ್ಕದಲ್ಲೇ ಎಕ್ಸ್‌-ರೇ ಲಕೋಟೆಯನ್ನು ಎದೆಗವಚಿಕೊಂಡು, ಯಾವ ಕಡೆ ಇಳಿಯಬೇಕೆಂದು ತಿಳಿಯದೆ ನಿಂತವನೂ ಇರುತ್ತಾನೆ.

ಹಿಂದೆ ಇದು ಗಿರಣಿಗಳ ಪ್ರದೇಶ. ಗಿರಣಿಯ ಕೂಲಿಕಾರ ಅಲ್ಲೇ ಚಾಳಿನ ಖೋಲಿಯಲ್ಲಿ ವಾಸವಾಗಿದ್ದು, ಭೋಂಗಾ ಕೇಳಿದೊಡನೆ ನಡೆದೇ ಪಾಳಿಗೆ ಹೋಗುತ್ತಿದ್ದ. 1982ರ ಜನವರಿ 18ರಂದು ಆರಂಭವಾದ ಮುಷ್ಕರದಲ್ಲಿ ಸುಮಾರು ಎರಡೂವರೆ ಲಕ್ಷ ಕಾರ್ಮಿಕರು ಕೆಲಸ ನಿಲ್ಲಿಸಿದರು. ಅನೇಕ ಗಿರಣಿಗಳು ಮತ್ತೆ ಮೊದಲಿನಂತೆ ತೆರೆಯಲೇ ಇಲ್ಲ. 1991ರ ನಿಯಮಗಳು ಆ ಭೂಮಿಯನ್ನು ಬೇರೆ ಉಪಯೋಗಕ್ಕೆ ಬಿಡಲು ದಾರಿ ಮಾಡಿಕೊಟ್ಟವು. ಚಿಮಣಿಗಳಿದ್ದಲ್ಲಿ ಗಾಜಿನ ಕಚೇರಿಗಳು ಎದ್ದವು. ಈ ಕಚೇರಿಗಳಲ್ಲಿ ದುಡಿಯುವವನು ಪರೇಲಿನ ನಿವಾಸಿಯಲ್ಲ. ಕಲ್ಯಾಣ, ವಿರಾರಗಳಿಂದ ಗಾಡಿಯಲ್ಲಿ ಬರುವವನು. ನಡೆದು ಬರುತ್ತಿದ್ದವರ ಊರು ರೈಲಿನಲ್ಲಿ ಬರುವವರ ಊರಾಯಿತು. ಕಟ್ಟಡಗಳು ಆಕಾಶಕ್ಕೆ ಏರಿದವು. ಸೇತುವೆಯ ಮೆಟ್ಟಿಲು ಮಾತ್ರ ಇದ್ದಷ್ಟೇ ಅಗಲ ಉಳಿಯಿತು.

2017ರ ಸೆಪ್ಟೆಂಬರ್ 29 ಶುಕ್ರವಾರ, ಮಹಾನವಮಿ. ನಮ್ಮ ಮನೆಗಳಲ್ಲಿ ಆಯುಧಪೂಜೆಯ ದಿನ. ಬೆಳಿಗ್ಗೆ ಹತ್ತೂವರೆಯ ಸುಮಾರಿಗೆ ಒಮ್ಮೆಲೆ ಮಳೆ ಸುರಿಯಿತು. ನೆನೆಯಬಾರದೆಂದು ಜನ ಸೇತುವೆಯ ಮೇಲೆಯೇ ನಿಂತರು. ಹಿಂದಿನಿಂದ ಗಾಡಿಗಳಿಂದ ಇಳಿದವರು ಬರುತ್ತಲೇ ಇದ್ದರು. ಮಧ್ಯೆ ಏನೋ ಒಂದು ಗದ್ದಲ. ಹೂವಿನ ಹೊರೆ ಬಿತ್ತೆಂದು ಯಾರೋ 'ಫೂಲ್' ಎಂದು ಕೂಗಿದ್ದು, ಸೇತುವೆ ಬಿತ್ತೆಂಬಂತೆ 'ಪುಲ್' ಎಂದು ಕೇಳಿಸಿತೆಂದು ಬದುಕಿ ಉಳಿದವರ ಹೇಳಿಕೆಯೊಂದು ಪತ್ರಿಕೆಗಳಲ್ಲಿ ಬಂತು. ಕಾಲ್ತುಳಿತದಲ್ಲಿ ಒಟ್ಟು 23 ಮಂದಿ ತೀರಿಕೊಂಡರು. ಸೇತುವೆ ಬಿದ್ದಿರಲಿಲ್ಲ.

ಇಂಥ ಸುದ್ದಿ ಬಂದಾಗಲೆಲ್ಲ 'ಜನರಿಗೆ ಶಿಸ್ತಿಲ್ಲ, ಮಾನವೀಯತೆಯಿಲ್ಲ' ಎಂಬ ಮಾತು ಸುಲಭವಾಗಿ ಬಾಯಿಗೆ ಬರುತ್ತದೆ. ಆದರೆ ಜನಸಂದಣಿಯನ್ನು ಅಭ್ಯಾಸ ಮಾಡಿದವರು ಹೇಳುವುದು ಬೇರೆ. ಒಂದು ಚದರ ಮೀಟರಿನಲ್ಲಿ ಆರೇಳು ಮಂದಿಗಿಂತ ಹೆಚ್ಚು ಸೇರಿದಾಗ ಒಬ್ಬೊಬ್ಬನ ಇಚ್ಛೆ ಎಂಬುದು ಉಳಿಯುವುದಿಲ್ಲ. ಮೈಗಳು ನೀರಿನಂತೆ ಹರಿಯುತ್ತವೆ, ತೂಗುತ್ತವೆ. ಸಾಯುವವರಲ್ಲಿ ಹೆಚ್ಚಿನವರು ತುಳಿತಕ್ಕಿಂತ ಉಸಿರು ಕಟ್ಟಿ ಸಾಯುತ್ತಾರೆ. ಹಿಂದಿರುವವನಿಗೆ ಕಾಣುವುದು ಮುಂದಿನವನ ಬೆನ್ನು ಮಾತ್ರ. ಆತ ದುಷ್ಟನಲ್ಲ. ಅವನ ಕಿಸೆಯಲ್ಲೂ ಪಾಸು, ಕೈಯಲ್ಲೂ ಡಬ್ಬಿ. ಮುಂದೆ ಏನಾಗುತ್ತಿದೆಯೆಂದು ಗೊತ್ತಿದ್ದರೆ ಅವನೇ ಮೊದಲು ಕೈ ಚಾಚುತ್ತಿದ್ದನೇನೊ. ಅಂದರೆ ಅಂದು ಆ ಮೆಟ್ಟಿಲ ಮೇಲೆ ಎಲ್ಲರೂ ಸಜ್ಜನರಾಗಿದ್ದರೂ ಅದು ನಡೆಯುತ್ತಿತ್ತು. ನಮ್ಮನ್ನು ಕಾಡಬೇಕಾದುದು ಇದು. ಒಳ್ಳೆಯ ಮನಸ್ಸು ಸಾಲದ ಜಾಗಗಳು ಲೋಕದಲ್ಲಿ ಉಂಟು.

ಅಪರಿಚಿತನ ವಿಷಯದಲ್ಲಿ ನಮ್ಮ ಹಿರಿಯರು ಹಾಕಿಕೊಟ್ಟ ಪಾಠ ಅತಿಥಿಸತ್ಕಾರ. ತಿಥಿ ಗೊತ್ತು ಮಾಡದೆ ಬರುವವನು ಅತಿಥಿ ಎಂದು ಅರ್ಥ ಹೇಳುವುದುಂಟು. ಒಳ್ಳೆಯ ಮಾತೇ. ಆದರೆ ಅತಿಥಿ ಬರಲು ಒಂದು ಮನೆ ಬೇಕು, ತೆರೆಯಲು ಬಾಗಿಲು ಬೇಕು, 'ಬನ್ನಿ, ಕುಳಿತುಕೊಳ್ಳಿ' ಎನ್ನಲು ಒಬ್ಬ ಯಜಮಾನ ಬೇಕು. ನಿಲ್ದಾಣದಲ್ಲಿ ಯಾರಿಗೂ ಮನೆಯಿಲ್ಲ. ಎಲ್ಲರೂ ಅತಿಥಿಗಳಾದ ಜಾಗದಲ್ಲಿ ಆತಿಥೇಯ ಯಾರು?

ಜರ್ಮನಿಯ ತತ್ವಜ್ಞಾನಿ ಕಾಂಟ್ 1795ರಲ್ಲಿ ಶಾಶ್ವತ ಶಾಂತಿಯ ಬಗೆಗೆ ಬರೆದ ಪ್ರಬಂಧದಲ್ಲಿ ಈ ಪ್ರಶ್ನೆಯ ಹತ್ತಿರ ಬಂದಿದ್ದಾನೆ. ಭೂಮಿ ಗುಂಡಗಿದೆ, ಮನುಷ್ಯರು ಪರಸ್ಪರ ದೂರ ಸರಿಯುತ್ತಲೇ ಹೋಗುವುದು ಸಾಧ್ಯವಿಲ್ಲ, ಆದುದರಿಂದ ಒಬ್ಬರ ಇರವನ್ನು ಇನ್ನೊಬ್ಬರು ಸಹಿಸಲೇಬೇಕು, ಪರಸ್ಥಳದವನನ್ನು ಹಗೆಯಂತೆ ಕಾಣದಿರುವುದು ದಯೆಯಲ್ಲ, ಅವನ ಹಕ್ಕು. ಇದು ಅವನ ವಾದದ ಸಾರ. ಪರೇಲಿನ ಸೇತುವೆ ಭೂಗೋಳಕ್ಕಿಂತ ಬಹಳ ಚಿಕ್ಕದು. ಕಾಂಟನ ಮಾತಿನ ಸತ್ಯ ಅಲ್ಲಿ ಪಕ್ಕೆಲುಬಿಗೇ ತಾಗುತ್ತದೆ.

ನಮ್ಮ ನಾಡಿನಲ್ಲಿ ಇದಕ್ಕೆ ಇನ್ನೊಂದು ಉತ್ತರ ಮೊದಲಿನಿಂದಲೂ ಇತ್ತು. ಅದೇ ಅರವಟ್ಟಿಗೆ. ಬೇಸಗೆಯಲ್ಲಿ ದಾರಿಯ ಪಕ್ಕ ನೀರಿನ ಗಡಿಗೆ ಇಡಿಸಿದವನು ಕುಡಿಯುವವರ ಮುಖ ನೋಡಲು ಅಲ್ಲಿ ಕುಳಿತಿರುತ್ತಿರಲಿಲ್ಲ. ಕೆರೆ ಕಟ್ಟಿಸಿದವರು, ಛತ್ರ ಹಾಕಿಸಿದವರು, ಸಾಲುಮರ ನೆಟ್ಟವರು ಎಲ್ಲರೂ ಈ ಜಾತಿಯವರೇ. ಹುಲಿಕಲ್ಲಿನಿಂದ ಕುದೂರಿನ ದಾರಿಯುದ್ದಕ್ಕೂ ಆಲದ ಸಸಿ ನೆಟ್ಟು ನೀರು ಹೊತ್ತು ಬೆಳೆಸಿದ ತಿಮ್ಮಕ್ಕನವರಿಗೆ ಆ ನೆರಳಿನಲ್ಲಿ ಮುಂದೆ ಯಾರು ಕೂರುವರೆಂಬ ಲೆಕ್ಕ ಬೇಕಾಗಿರಲಿಲ್ಲ. ಇಲ್ಲಿ ಭೇಟಿಯೇ ಇಲ್ಲ. ಕೊಟ್ಟವನಿಗೆ ಪಡೆದವನ ಗುರುತಿಲ್ಲ, ಪಡೆದವನಿಗೆ ಕೊಟ್ಟವನ ಗುರುತಿಲ್ಲ. ಆದರೂ ಋಣ ಸಂದಿದೆ. ಸೇತುವೆಯ ಅಗಲವೂ ಒಂದು ಅರವಟ್ಟಿಗೆಯೇ ಅಲ್ಲವೆ?

ಹೊಸ ಸೇತುವೆ ಬೇಕೆಂಬ ಬೇಡಿಕೆ ಪರೇಲಿನಲ್ಲಿ ಹೊಸತಾಗಿರಲಿಲ್ಲ. ಅಪಘಾತಕ್ಕೆ ಮೊದಲೇ ಮಂಜೂರಾತಿಯೂ ಆಗಿತ್ತು. ಕಾಗದ ಮಾತ್ರ ತನ್ನ ನಡಿಗೆಯಲ್ಲೇ ನಡೆಯುತ್ತಿತ್ತು. 23 ಜೀವ ಹೋದ ಮೇಲೆ ಸೈನ್ಯದ ಎಂಜಿನಿಯರರನ್ನು ಕರೆಸಲಾಯಿತು. 2018ರ ಫೆಬ್ರವರಿ 27ರಂದು, ಅಂದರೆ ದುರಂತ ನಡೆದ ಐದು ತಿಂಗಳೊಳಗೆ, ಅವರು ಕಟ್ಟಿದ ಸೇತುವೆಯ ಮೇಲೆ ಜನ ನಡೆದಾಡಿದರು. ವರ್ಷಗಟ್ಟಲೆ ಆಗದ್ದು ತಿಂಗಳುಗಳಲ್ಲಿ ಆಯಿತು. ಹಾಗಾದರೆ ಕಬ್ಬಿಣಕ್ಕೂ ಕಸುಬಿಗೂ ಕೊರತೆಯಿರಲಿಲ್ಲ.

ಕೊರತೆ ಯಾವುದರದೆಂದು ಯೋಚಿಸುವಾಗ ನಿಲ್ದಾಣದ ಇನ್ನೊಂದು ಚಿತ್ರ ನೆನಪಿಗೆ ಬರುತ್ತದೆ. ಬ್ರೆಜಿಲ್ ದೇಶದ ವಾಲ್ಟರ್ ಸಾಲೆಸ್ 1998ರಲ್ಲಿ ತೆರೆಗೆ ತಂದ 'ಸೆಂಟ್ರಲ್ ಸ್ಟೇಷನ್'. ರಿಯೊ ನಗರದ ದೊಡ್ಡ ನಿಲ್ದಾಣದಲ್ಲಿ ಡೋರಾ ಎಂಬ ನಿವೃತ್ತ ಶಿಕ್ಷಕಿ ಓದುಬರಹ ಬಾರದವರಿಗೆ ಕಾಗದ ಬರೆದುಕೊಡುತ್ತಾಳೆ. ದೂರದ ಬಡ ಊರುಗಳಿಂದ ಹೊಟ್ಟೆಪಾಡಿಗೆ ಬಂದವರು ಸಾಲಾಗಿ ಕುಳಿತು ತಾಯಿಗೆ, ಹೆಂಡತಿಗೆ, ಬಿಟ್ಟುಹೋದ ಗಂಡನಿಗೆ ಹೇಳಬೇಕಾದುದನ್ನು ಹೇಳುತ್ತಾರೆ. ಮನಿಯಾರ್ಡರಿನ ಅಡಿಯ ಒಂದಂಗುಲ ಜಾಗದಲ್ಲಿ ಕ್ಷೇಮಸಮಾಚಾರ ತುಂಬಿಸುತ್ತಿದ್ದ ಹಿಂದಿನ ತಲೆಮಾರಿನ ಮುಂಬಯಿ ಕನ್ನಡಿಗರಿಗೆ ಈ ದೃಶ್ಯ ಹೊಸತೆನಿಸದು. ಆದರೆ ಡೋರಾ ಆ ಕಾಗದಗಳಲ್ಲಿ ಎಷ್ಟನ್ನೋ ಅಂಚೆಗೆ ಹಾಕುವುದೇ ಇಲ್ಲ. ಮನೆಗೆ ಒಯ್ದು ಕೆಲವನ್ನು ಹರಿದು ಹಾಕುತ್ತಾಳೆ, ಕೆಲವನ್ನು ಮೇಜಿನ ಖಾನೆಯಲ್ಲಿ ತಳ್ಳಿಡುತ್ತಾಳೆ.

ಡೋರಾ ರಾಕ್ಷಸಿಯಲ್ಲ, ಬದುಕಿನಿಂದ ಬಳಲಿದವಳು. ಕಾಗದ ಹೇಳಿದವನು ಜನರ ನಡುವೆ ಕರಗಿಹೋಗುತ್ತಾನೆ, ಮತ್ತೆ ಸಿಗುವುದಿಲ್ಲ, ಕೇಳುವುದೂ ಇಲ್ಲ. ಅವಳನ್ನು ಕೆಡಿಸಿದ್ದು ಈ ಧೈರ್ಯ. ಕಾಗದ ಹೇಳಿದ ತಾಯಿಯೊಬ್ಬಳು ನಿಲ್ದಾಣದ ಹೊರಗೆ ಬಸ್ಸಿಗೆ ಸಿಕ್ಕಿ ಸತ್ತು, ಅವಳ ಹುಡುಗ ಡೋರಾಳ ಕಣ್ಣೆದುರು ಅನಾಥನಾಗಿ ನಿಲ್ಲುತ್ತಾನೆ. ಮೊದಲು ಅವನನ್ನು ದುಡ್ಡಿಗೆ ಒಪ್ಪಿಸಿಬಿಟ್ಟ ಅವಳೇ ಆಮೇಲೆ ತಡೆಯಲಾರದೆ ಬಿಡಿಸಿಕೊಂಡು, ಅವನ ತಂದೆಯನ್ನು ಹುಡುಕಿಕೊಂಡು ದೇಶದ ಇನ್ನೊಂದು ತುದಿಗೆ ಹೊರಡುತ್ತಾಳೆ. ಪ್ರೇಕ್ಷಕರು ಕಣ್ಣೊರೆಸಿಕೊಳ್ಳುವುದು ಆ ಪ್ರಯಾಣಕ್ಕೆ. ನಮಗೆ ಆ ಖಾನೆಯೇ ಹೆಚ್ಚು ಮುಖ್ಯವೆನಿಸುತ್ತದೆ. ಹುಡುಗ ಎದುರಿಗೆ ನಿಂತದ್ದರಿಂದ ಬದುಕಿದ. ಖಾನೆಯಲ್ಲಿ ಉಳಿದ ಕಾಗದಗಳ ಒಡೆಯರು ಎದುರಿಗೆ ಬರಲೇ ಇಲ್ಲ. ಕಚೇರಿಗಳ ಖಾನೆಗಳಲ್ಲಿ ಮಲಗಿರುವ ಸೇತುವೆಗಳ ಕತೆಯೂ ಇದೇ. ಕಣ್ಣೆದುರಿನವನಿಗೆ ಕರಗುವ ಮನಸ್ಸು ಎಲ್ಲರಿಗೂ ಇದೆ. ಕಣ್ಣಿಗೆ ಬೀಳದವನ ಕಾಗದವನ್ನು ಹೊತ್ತಿಗೆ ಸರಿಯಾಗಿ ಅಂಚೆಗೆ ಹಾಕುವುದೇ ಧರ್ಮದ ಕಠಿಣ ಪಾಠ.

ಹಾಗೆಂದು ಎಲ್ಲವೂ ಕಬ್ಬಿಣ ಕಾಂಕ್ರೀಟುಗಳಿಂದ ಆಗುವಂಥದು ಎಂದರೆ ಅರ್ಧ ಸತ್ಯವಾದೀತು. ಅಂದು ಗಾಯಗೊಂಡವರನ್ನೂ ಸತ್ತವರನ್ನೂ ಕೆ.ಇ.ಎಂ. ಆಸ್ಪತ್ರೆಗೆ ಒಯ್ದರು. ರಕ್ತ ಬೇಕೆಂಬ ಕರೆ ಹೊರಟಿತು. ರಕ್ತದ ಬಾಟಲಿಯ ಮೇಲೆ ಗುಂಪಿನ ಹೆಸರಿರುತ್ತದೆ. ಊರು, ಮಾತೃಭಾಷೆಗಳ ಹೆಸರಿರುವುದಿಲ್ಲ. ಸತ್ತವರ ಹಣೆಯ ಮೇಲೆ ಆಸ್ಪತ್ರೆಯವರು ಸಂಖ್ಯೆ ಬರೆದರೆಂದು ಮುಂದೆ ದೊಡ್ಡ ಗಲಾಟೆಯಾಯಿತು. ಮನುಷ್ಯನನ್ನು ಅಂಕಿ ಮಾಡಿದಿರಿ ಎಂಬ ಜನರ ಸಿಟ್ಟು ಸಹಜ. ಓಡೋಡಿ ಬಂದ ಬಂಧುಗಳು ತಮ್ಮವರನ್ನು ಗೊಂದಲವಿಲ್ಲದೆ ಗುರುತಿಸಲೆಂದು ಹಾಗೆ ಮಾಡಿದೆವೆಂಬ ವೈದ್ಯರ ಮಾತೂ ತಳ್ಳಿಹಾಕುವಂಥದಲ್ಲ. ವ್ಯವಸ್ಥೆ ಬೇಕು, ಆದರೆ ಬರೀ ವ್ಯವಸ್ಥೆಗೆ ಕೈ ತಣ್ಣಗಿರುತ್ತದೆ.

ಬೆಚ್ಚಗಿನ ಕೈಯ ಉದಾಹರಣೆಯೂ ಅದೇ ಆಸ್ಪತ್ರೆಯಲ್ಲಿದೆ, ಮತ್ತು ಅದರ ಬೇರು ನಮ್ಮ ಉತ್ತರ ಕನ್ನಡದಲ್ಲಿದೆ. ಹೊನ್ನಾವರದ ಹತ್ತಿರದ ಹಳದೀಪುರದಿಂದ ದಾದಿಯಾಗಿ ದುಡಿಯಲು ಮುಂಬಯಿಗೆ ಬಂದ ಅರುಣಾ ಶಾನಭಾಗ್ 1973ರ ನವೆಂಬರ್ 27ರಂದು ಆಸ್ಪತ್ರೆಯೊಳಗೇ ಕ್ರೂರ ಹಲ್ಲೆಗೆ ಈಡಾಗಿ ಪ್ರಜ್ಞೆ ಕಳೆದುಕೊಂಡರು. ಮುಂದೆ 2015ರ ಮೇ 18ರಂದು ತೀರಿಕೊಳ್ಳುವವರೆಗೆ, 41 ವರ್ಷಕ್ಕೂ ಮೇಲೆ, ಅವರನ್ನು ನೋಡಿಕೊಂಡವರು ಅಲ್ಲಿಯ ದಾದಿಯರು. ಮೊದಲಿನವರು ಅವರ ಸಂಗಾತಿಗಳು. ಅವರು ನಿವೃತ್ತರಾದರು. ಆಮೇಲೆ ಬಂದವರು ಅರುಣಾ ನಗುವುದನ್ನು, ಮಾತಾಡುವುದನ್ನು ಕಂಡವರಲ್ಲ. ಅನೇಕರು ಆ ಹಲ್ಲೆ ನಡೆದಾಗ ಹುಟ್ಟಿಯೇ ಇರಲಿಲ್ಲ. ಮರಾಠಿಯವರು, ಮಲೆಯಾಳಿಗಳು, ಯಾರು ಯಾರೋ. ಗುರುತೇ ಇಲ್ಲದ ಒಬ್ಬಳಿಗೆ ಅವರು ದಿನವೂ ಸ್ನಾನ ಮಾಡಿಸಿದರು, ಉಣ್ಣಿಸಿದರು.

ಇಂಥ ಸ್ಥಿತಿಯಲ್ಲಿ ಜೀವ ಉಳಿಸಿಕೊಂಡು ಬರುವುದೇ ಸರಿಯೆ ಎಂದು ಕೇಳಿದವರೂ ಇದ್ದರು. ಅದು ಕರುಣೆಯಿಲ್ಲದವರ ಪ್ರಶ್ನೆಯಾಗಿರಲಿಲ್ಲ. ವಿಷಯ ಸರ್ವೋಚ್ಚ ನ್ಯಾಯಾಲಯಕ್ಕೆ ಹೋಯಿತು. 2011ರ ಮಾರ್ಚ್ 7ರ ತೀರ್ಪು, ಗುಣವಾಗುವ ಆಸೆಯಿಲ್ಲದ ರೋಗಿಗಳಿಗೆ ಜೀವಾಧಾರದ ಉಪಚಾರವನ್ನು ಹಿಂತೆಗೆಯಲು ಕಟ್ಟುನಿಟ್ಟಿನ ನಿಯಮಗಳೊಡನೆ ದಾರಿ ತೆರೆಯಿತು. ಅರುಣಾರ ವಿಷಯದಲ್ಲಿ ಮಾತ್ರ, ಅವರ ಪರವಾಗಿ ಮಾತಾಡುವ ಆಪ್ತರು ಕೆ.ಇ.ಎಂ. ಆಸ್ಪತ್ರೆಯ ಸಿಬ್ಬಂದಿಯೇ ಎಂದು ಹೇಳಿತು. ಸಿಬ್ಬಂದಿಗೆ ಅವರು ಬದುಕಿರಬೇಕಿತ್ತು. ತೀರ್ಪಿನ ಮಿಕ್ಕ ವಿಚಾರಗಳಲ್ಲಿ ಭಿನ್ನಮತ ಇರಬಹುದು. ಆದರೆ ನಾಡಿನ ಅತ್ಯುಚ್ಚ ನ್ಯಾಯಪೀಠ, ರಕ್ತಸಂಬಂಧವಲ್ಲ, ದಿನನಿತ್ಯದ ಸೇವೆಯೇ ಬಾಂಧವ್ಯವನ್ನು ಕಟ್ಟಿತೆಂದು ಒಪ್ಪಿದ್ದನ್ನು ನಾವು ಗಮನಿಸಬೇಕು. ನಲವತ್ತು ವರ್ಷ ನಡೆದ ಈ ಸೇವೆ ಒಬ್ಬರ ಭಾವಾವೇಶದಿಂದ ಆದದ್ದೂ ಅಲ್ಲ. ಪಾಳಿಯ ಪಟ್ಟಿಯಿಂದ ಆದದ್ದು. ಇಂದು ಇವಳು, ನಾಳೆ ಅವಳು. ಬೆಚ್ಚಗಿನ ಕೈಗೂ ಒಂದು ಸೇತುವೆ ಬೇಕಾಗುತ್ತದೆ.

ಈಗ ನಮ್ಮ ಸಂಘಗಳ ಮಾತಿಗೆ ಬರೋಣ. ಹೊರನಾಡಿನ ಕನ್ನಡ ಸಂಘಗಳು ಹುಟ್ಟಿದ್ದೇ ಗುರುತಿಗಾಗಿ. ಊರಿನಿಂದ ಬಂದ ಹುಡುಗನಿಗೆ ಖಾನಾವಳಿಯ ಊಟ, ಹೋಟೆಲಿನಲ್ಲಿ ದುಡಿಯುವವನಿಗೆ ರಾತ್ರಿ ಶಾಲೆ, ನಾಲ್ಕು ಜನ ಸೇರಿ ಮಾತಾಡಲು ಒಂದು ಹಜಾರ. 'ನಮ್ಮವರು' ಎಂಬ ಈ ಒಂದು ಶಬ್ದ ಎಷ್ಟು ಜನರ ಬಾಳನ್ನು ನಿಲ್ಲಿಸಿದೆಯೆಂಬುದನ್ನು ವಾಚಕರಿಗೆ ಬಿಡಿಸಿ ಹೇಳಬೇಕಾಗಿಲ್ಲ. ಆದರೆ ಟಾಟಾ ಆಸ್ಪತ್ರೆಯ ಹೊರಗಿನ ಪಾದಚಾರಿ ದಾರಿಯಲ್ಲಿ ಚಾಪೆ ಹಾಸಿದವರಲ್ಲಿ ಕಲಬುರ್ಗಿಯವನೂ ಇರುತ್ತಾನೆ, ಬಿಹಾರದವನೂ ಇರುತ್ತಾನೆ. ಕನ್ನಡ ಕಿವಿಗೆ ಬಿದ್ದರೆ ನಮ್ಮ ಕಾಲು ನಿಲ್ಲುತ್ತದೆ. ಇಲ್ಲದಿದ್ದರೆ?

ಎಲ್ಲರನ್ನೂ ನಮ್ಮವರೆಂದುಕೊಳ್ಳುವುದು ವೇದಿಕೆಯ ಮೇಲಿನ ಮಾತು, ಹಾಸಿಗೆ ಇದ್ದಷ್ಟೇ ಕಾಲು ಚಾಚಬೇಕು ಎಂದು ಅನುಭವಸ್ಥರು ಹೇಳಿಯಾರು. ಅವರ ಮಾತಿನಲ್ಲಿ ಹುರುಳಿದೆ. ಕೈಗೆ ಮಿತಿಯುಂಟು, ಕಿಸೆಗೂ ಮಿತಿಯುಂಟು. ನಮಗೆ ತೋರುವ ಸಮಾಧಾನ ಇಷ್ಟೇ: ಎರಡು ಬಗೆಯ ಋಣಗಳನ್ನು ಬೇರೆ ಮಾಡಿಕೊಳ್ಳೋಣ. ಕಲಬುರ್ಗಿಯ ರೈತನಿಗೆ ಆಸ್ಪತ್ರೆಯ ಕಾಗದವನ್ನು ಅವನ ಭಾಷೆಯಲ್ಲಿ ಓದಿ ಹೇಳಬೇಕಾದವರು ನಾವೇ, ಏಕೆಂದರೆ ನಮಗೆ ಅದು ಸಾಧ್ಯ. ಭಾಷೆ ಅಲ್ಲಿ ಬಾಗಿಲು. ಆದರೆ ರಕ್ತ ಕೊಡುವುದಕ್ಕೆ, ದಾರಿ ಬಿಡುವುದಕ್ಕೆ, ಕಿರಿದಾದ ಮೆಟ್ಟಿಲನ್ನು ಕಂಡು ರೈಲ್ವೆಗೆ ಒಂದು ಅರ್ಜಿ ಬರೆದು ಉತ್ತರ ಬರುವವರೆಗೂ ಬೆನ್ನು ಹಿಡಿಯುವುದಕ್ಕೆ ಭಾಷೆಯ ಹಂಗಿಲ್ಲ. ಅಲ್ಲಿ ಭಾಷೆಯನ್ನು ಗೋಡೆ ಮಾಡಿಕೊಳ್ಳಬಾರದು. ಒಂದು ಸಂಘ ತನ್ನ ವಾರ್ಷಿಕ ಕಾರ್ಯಕ್ರಮಗಳ ಪಟ್ಟಿಯಲ್ಲಿ ನಾಟಕ, ಹಳದಿಕುಂಕುಮಗಳ ಜೊತೆಗೆ ಇಂಥ ಒಂದು ಅರ್ಜಿಗೂ ಒಂದು ರಕ್ತದಾನಕ್ಕೂ ಜಾಗ ಕೊಟ್ಟರೆ ಅದರ ಕನ್ನಡತನ ಕಡಿಮೆಯಾಗದು. ಅರವಟ್ಟಿಗೆಯ ನಾಡಿನವರೆಂಬ ಹೆಸರು ಉಳಿದೀತು.

ಎಲ್ಲರೂ ಅತಿಥಿಗಳಾದಲ್ಲಿ ಆತಿಥೇಯ ಯಾರು ಎಂದು ಕೇಳಿದೆವಲ್ಲ, ಅದಕ್ಕೆ ನಮಗೆ ಹೊಳೆಯುವ ಉತ್ತರ ಸಣ್ಣದು. ಯಾರು ಒಂದು ಹೆಜ್ಜೆ ಮುಂದಿದ್ದಾರೋ ಅವರು. ಮುಂಬಯಿಗೆ ಮೊದಲು ಬಂದವನು ಆಮೇಲೆ ಬಂದವನಿಗೆ ಆತಿಥೇಯ. ಕಾಗದ ಯಾರ ಮೇಜಿನ ಮೇಲಿದೆಯೋ ಅವನು, ಆ ಕಾಗದದ ಹಿಂದೆ ಕಾದಿರುವವರಿಗೆ ಆತಿಥೇಯ. ಗಾಡಿಯೊಳಗೆ ಕಾಲಿಟ್ಟವನು ಇನ್ನೂ ಬಾಗಿಲಲ್ಲಿ ತೂಗುತ್ತಿರುವವನಿಗೆ ಆತಿಥೇಯ. ಸೇತುವೆಯ ಮೆಟ್ಟಿಲಿಳಿದವನು ಅಲ್ಲೇ ನಿಲ್ಲದೆ ನಾಲ್ಕು ಹೆಜ್ಜೆ ಮುಂದೆ ಹೋಗಿ ಕೊಡೆ ಬಿಚ್ಚಿದರೆ ಹಿಂದಿನವನಿಗೆ ಕಾಲಿಡಲು ಜಾಗವಾಗುತ್ತದೆ. ತಿರುಗಿ ಅವನ ಮುಖ ನೋಡಬೇಕೆಂದೇನೂ ಇಲ್ಲ.